ಮಾತ್ರೆ ಅಕ್ಕನ ಐದು ಮಾತ್ರೆ

ಬೆಳಗಿನ ಬೆಳಕು ಇನ್ನೂ ಕಿಟಕಿಯ ಸರಳುಗಳ ಆಚೆಯೇ ನಿಂತಿದೆ. ಆಸ್ಪತ್ರೆಯ ಮೇಲಿನ ಮಹಡಿಯ ಕೊನೆಯ ಕೋಣೆಯಲ್ಲಿ, ಹಲಗೆ ಬೆಂಚಿನ ಒಂದು ತುದಿಗೆ, ಗೋಡೆಗೆ ಬಣ್ಣ ಬಳಿಯುವ ಕೆಲಸದವರೊಬ್ಬರು ಕೂತಿದ್ದಾರೆ. ಬಲಗೈ ಮಡಿಲಲ್ಲಿ ಸುಮ್ಮನೆ ಮಲಗಿದೆ. ಎಡಗೈ ಎದುರಿಗೆ ಕೂತ ದಪ್ಪನೆಯ ಹೆಂಗಸಿನ ಅಂಗೈಯೊಳಗಿದೆ. ಆಕೆ ಆ ಕೈಯನ್ನು ಎತ್ತಿ ಬೆಂಚಿನ ಮೇಲೆ ಹಗುರಾಗಿ ತಟ್ಟಿಸುತ್ತಾರೆ. ಒಂದು ತಟ್ಟಿಗೆ ‘ನೀರು’, ಇನ್ನೊಂದು ತಟ್ಟಿಗೆ ‘ಬೇಕು’.

“ಅವಸರ ಇಲ್ಲ ಅಣ್ಣ. ಗೋಡೆ ಮೇಲೆ ಬ್ರಷ್ ಎಳೀತಿದ್ರಲ್ಲ, ಹಾಗೆ ‘ನೀ’ನ ಉದ್ದಕ್ಕೆ ಎಳೀರಿ. ‘ರು’ನ ಪಟ್ಟಂತ ಬಿಟ್ಬಿಡಿ.”

ಬಣ್ಣದವರ ಹುಬ್ಬು ಗಂಟಿಕ್ಕುತ್ತದೆ. ತುಟಿ ಒಂದು ಕಡೆಗೆ ಎಳೆಯುತ್ತದೆ. ಗಂಟಲಲ್ಲಿ ಏನೋ ಉರುಳಿ, ನಿಂತು, ಮತ್ತೆ ಉರುಳುತ್ತದೆ. “ನೀ… ರು.” ಸ್ವಲ್ಪ ಹೊತ್ತು ಬಿಟ್ಟು, “ಬೇ… ಕು.”

ಹೆಂಗಸು ತಕ್ಷಣ ಎದ್ದು ಹೂಜಿಯಿಂದ ಲೋಟಕ್ಕೆ ನೀರು ಬಗ್ಗಿಸಿ ಅವರ ಕೈಗೆ ಕೊಡುತ್ತಾರೆ. ಶಹಬ್ಬಾಸ್ ಎನ್ನುವುದಿಲ್ಲ, ಚಪ್ಪಾಳೆ ತಟ್ಟುವುದಿಲ್ಲ. “ಕೇಳಿದ್ದು ಕೈಗೆ ಸಿಗಬೇಕು ನೋಡಿ. ಸಿಗದೇ ಇದ್ರೆ ಮನುಷ್ಯ ಯಾಕಾದ್ರೂ ಬಾಯಿ ಬಿಡ್ತಾನೆ?” ಎಂದು ಸೆರಗಿನಿಂದ ಬೆಂಚು ಒರೆಸುತ್ತಾರೆ.

ಈ ಆಸ್ಪತ್ರೆಯಲ್ಲಿ ಆಕೆಯನ್ನು ಎಲ್ಲರೂ ಕರೆಯುವುದು ಮಾತ್ರೆ ಅಕ್ಕ ಎಂದು. ಹೊಸದಾಗಿ ಬಂದವರು ಗುಳಿಗೆ ಹಂಚುವವರೆಂದುಕೊಂಡು ಅಂಗೈ ಚಾಚುತ್ತಾರೆ. ಅಕ್ಕ ಆ ಅಂಗೈ ಮೇಲೆ ತಾಳ ತಟ್ಟುತ್ತಾರೆ. ಆಕೆ ಹಂಚುವುದು ಛಂದಸ್ಸಿನ ಮಾತ್ರೆ. ಶಾಲೆಯಲ್ಲಿ ನಾವೆಲ್ಲ ಅಳುತ್ತಾ ಕಲಿತು ಪರೀಕ್ಷೆ ಮುಗಿದ ಸಂಜೆಗೇ ಮರೆತದ್ದು. ಹ್ರಸ್ವಾಕ್ಷರಕ್ಕೆ ಒಂದು ಮಾತ್ರೆ, ಅದು ಲಘು. ದೀರ್ಘಕ್ಕೆ ಎರಡು, ಒತ್ತಕ್ಷರದ ಹಿಂದೆ ನಿಂತ ಅಕ್ಷರಕ್ಕೂ ಎರಡು, ಅದು ಗುರು. ಮೂರು, ನಾಲ್ಕು, ಐದು ಮಾತ್ರೆಗಳ ಗುಂಪು ಕಟ್ಟಿದರೆ ಗಣ. ಲಕ್ವ ಹೊಡೆದು ಮಾತು ಕಳೆದುಕೊಂಡವರಿಗೆ, ತಲೆಗೆ ಪೆಟ್ಟು ಬಿದ್ದು ಪದಗಳೆಲ್ಲ ಚೆಲ್ಲಾಪಿಲ್ಲಿಯಾದವರಿಗೆ ಅಕ್ಕ ಈ ಗಣಗಳನ್ನು ಹಿಡಿಸಿ ಮಾತಿನ ದಾರಿಗೆ ತರುತ್ತಾರೆ. ಹಾಜರಿ ಪುಸ್ತಕದಲ್ಲಿ ಮಾತ್ರ ಆಕೆಯ ಹುದ್ದೆ ಇವತ್ತಿಗೂ ‘ಆಯಾ’.

ಅಕ್ಕ ಮೊದಲು ಮೇಡಂ ಆಗಿದ್ದವರು. ಫೇಲಾದ ಮಕ್ಕಳನ್ನು ಪಾಸು ಮಾಡಿಸುವ ಟ್ಯುಟೋರಿಯಲ್ ಒಂದರಲ್ಲಿ ವರ್ಷಗಟ್ಟಲೆ ಕನ್ನಡ ಹೇಳಿಕೊಟ್ಟವರು. ಛಂದಸ್ಸು, ಅಲಂಕಾರದ ಪಾಠ ಬಂದರೆ ಬೇರೆ ಮೇಷ್ಟ್ರುಗಳಿಗೆ ತಲೆನೋವು ಬರುತ್ತಿತ್ತು. ಅವರೆಲ್ಲ ಆ ಪಾಠವನ್ನು ಈಕೆಯ ತಲೆಗೆ ಕಟ್ಟಿ ಕಾಫಿಗೆ ಹೋಗುತ್ತಿದ್ದರು. ಈಕೆ ಬೆಂಚು ಬಾರಿಸಿ, ಹುಡುಗರನ್ನು ಸಾಲಾಗಿ ನಡೆಸಿ, ಗುರು ಬಂದಲ್ಲಿ ಕಾಲೂರಿಸಿ, ಲಘು ಬಂದಲ್ಲಿ ಜಿಗಿಸಿ ಕಲಿಸುತ್ತಿದ್ದರು. ಕೆಳಗಿನ ಅಂಗಡಿಯವನು ಸೂರಿನ ಸುಣ್ಣ ಉದುರುತ್ತದೆಂದು ದಿನಾ ಜಗಳಕ್ಕೆ ಬರುತ್ತಿದ್ದ.

ಟ್ಯುಟೋರಿಯಲ್ ಒಂದು ದಿನ ಬಾಗಿಲು ಹಾಕಿತು. ದರ್ಜಿ ಗಂಡನ ಹೊಲಿಗೆ ಮಿಷನ್ ಒಂದನ್ನೇ ನಂಬಿ ಮನೆ ನಡೆಯುವಂತಿರಲಿಲ್ಲ. ಆಸ್ಪತ್ರೆಯಲ್ಲಿ ಆಯಾ ಕೆಲಸ ಖಾಲಿ ಇದೆ ಎಂದು ತಿಳಿದಾಗ ಈಕೆ ಹೋಗಿ ಸೇರಿಕೊಂಡರು. ಹಾಸಿಗೆ ಬದಲಿಸುವುದು, ನೆಲ ಒರೆಸುವುದು, ಗಾಲಿಕುರ್ಚಿ ತಳ್ಳುವುದು. ನೆಂಟರಿಷ್ಟರಿಗೆಲ್ಲ “ಆಸ್ಪತ್ರೆ ಆಫೀಸಿನಲ್ಲಿ” ಎಂದು ಹೇಳಿ ಬಾಯಿ ಮುಚ್ಚಿಸಿದ್ದಾಯಿತು. ಒಮ್ಮೆ ಹಳೆಯ ವಿದ್ಯಾರ್ಥಿನಿಯೊಬ್ಬಳು ಯಾರನ್ನೋ ನೋಡಲು ಬಂದವಳು “ಮೇಡಂ!” ಎಂದು ಕೂಗಿದಾಗ, ಅಕ್ಕ ಹೊದಿಕೆಗಳ ಗಾಡಿಯ ಹಿಂದೆ ಕೂತುಬಿಟ್ಟರಂತೆ.

“ಕೆಲಸಕ್ಕೆ ನಾಚಿಕೆ ಪಡಲಿಲ್ಲ. ಆ ಹುಡುಗಿ ಕಣ್ಣಲ್ಲಿ ಅಯ್ಯೋ ಪಾಪ ಅನ್ನೋದು ಕಂಡುಬಿಟ್ರೆ ಅಂತ ಹೆದರಿದೆ. ನನ್ನ ಗಾತ್ರಕ್ಕೆ ಆ ಗಾಡಿ ಎಲ್ಲಿ ಮರೆಯಾಗುತ್ತೆ ಹೇಳಿ? ಅರ್ಧ ಆಚೇನೇ ಇದ್ದೆ,” ಎಂದು ಈಗ ಹೊಟ್ಟೆ ಹಿಡಿದುಕೊಂಡು ನಗುತ್ತಾರೆ.

ಎಲ್ಲ ಶುರುವಾದದ್ದು ಒಂದು ಗಾಲಿಕುರ್ಚಿಯಿಂದ. ಅದರ ಒಂದು ಚಕ್ರ ಕೆಟ್ಟಿತ್ತು. ತಳ್ಳಿದರೆ ಟಕ್ ಎಂದು ಒಂದೇ ಸಮ ಸದ್ದು. ಕುರ್ಚಿಯಲ್ಲಿ ಕೂತಿದ್ದ ಅಜ್ಜಿ ವಾರಗಟ್ಟಲೆ ತುಟಿ ಪಿಟಕ್ಕೆನ್ನದವರು. ಉದ್ದನೆಯ ಪಡಸಾಲೆಯಲ್ಲಿ ಬೇಜಾರಿಗೆ ಅಕ್ಕ ಆ ಸದ್ದಿಗೆ ಸರಿಯಾಗಿ ಮೂರು ಮೂರು ಮಾತ್ರೆಯ ಸಾಲು ಕಟ್ಟಿ ಗುನುಗತೊಡಗಿದರು.

ಮೆಲ್ಲ ಮೆಲ್ಲ ಹೋಗು ಗಾಡಿ
ಕಲ್ಲು ಮುಳ್ಳು ನೋಡಿ ನೋಡಿ

ಆಸ್ಪತ್ರೆಯ ನುಣ್ಣನೆಯ ನೆಲದಲ್ಲಿ ಕಲ್ಲೂ ಇಲ್ಲ, ಮುಳ್ಳೂ ಇಲ್ಲ. “ಏನ್ಮಾಡೋದು, ‘ಮೆಲ್ಲ’ಕ್ಕೆ ‘ಕಲ್ಲು’ ಬೇಕಿತ್ತು. ಪ್ರಾಸ ಕೂರ್ಬೇಕಲ್ಲ,” ಎಂದು ಅಕ್ಕ ಸಮಜಾಯಿಷಿ ಕೊಡುತ್ತಾರೆ. ತಿರುವಿನಲ್ಲಿ ಉಸಿರು ಎಳೆದುಕೊಳ್ಳಲೆಂದು ‘ಕಲ್ಲು ಮುಳ್ಳು’ ಎಂಬಲ್ಲಿಗೆ ನಿಲ್ಲಿಸಿದರು. ಕುರ್ಚಿಯಿಂದ ತೆಳ್ಳಗಿನ ದನಿ ಬಂತು. “ನೋಡಿ… ನೋಡಿ.”

ಅಕ್ಕ ಮತ್ತೆ ಗುನುಗಿದರು, ಮತ್ತೆ ಅಲ್ಲೇ ನಿಲ್ಲಿಸಿದರು. ಅಜ್ಜಿ ಮತ್ತೆ ತುಂಬಿದರು. ಗಾಲಿಕುರ್ಚಿಯನ್ನು ತಿರುಗಿಸಿ, ಓಡುತ್ತಾ ಹೋಗಿ ಅಕ್ಕ ನಿಂತದ್ದು ಮಾತಿನ ಚಿಕಿತ್ಸೆಯ ಡಾಕ್ಟರಮ್ಮನ ಬಾಗಿಲಲ್ಲಿ.

ಡಾಕ್ಟರಮ್ಮ ವಯಸ್ಸಿನಲ್ಲಿ ಚಿಕ್ಕವರು, ಕೆಲಸದಲ್ಲಿ ಗಟ್ಟಿಗರು. ಮಾತು ನಿಂತುಹೋದವರಿಗೂ ಎಷ್ಟೋ ಸಲ ಹಾಡು, ತಾಳ ಉಳಿದಿರುತ್ತದೆಂಬುದು ಅವರಿಗೆ ಗೊತ್ತಿದ್ದದ್ದೇ. ಎಡಗೈಯಲ್ಲಿ ತಾಳ ತಟ್ಟಿಸಿ ಮಾತು ಹೊರಡಿಸುವ ಕ್ರಮವನ್ನು ಅವರು ಓದಿ ಬಂದಿದ್ದರು. “ಹೇಗೆ ತಟ್ಟಿಸಬೇಕು ಅಂತ ನನಗೆ ಗೊತ್ತಿತ್ತು. ಆದ್ರೆ ನಮ್ಮ ಮಾತು ಎಲ್ಲಿ ತುಂಡಾಗುತ್ತೆ, ಎಲ್ಲಿ ಎಳೆಯುತ್ತೆ ಅನ್ನೋ ಸಾಲುಗಳು ಬೇಕಿತ್ತು. ನಾನು ಕಟ್ಟಿದ್ದೆಲ್ಲ ಸರ್ಕಾರಿ ಸುತ್ತೋಲೆ ಥರ ಇರ್ತಿತ್ತು,” ಎನ್ನುತ್ತಾರೆ ಅವರು. ಅವತ್ತಿನಿಂದ ಇಬ್ಬರದೂ ಜೋಡಿ. ಯಾರಿಗೆ ಯಾವ ತೊಂದರೆ, ಎಷ್ಟು ಹೊತ್ತು ಮಾಡಿಸಬೇಕು, ಎಲ್ಲಿ ನಿಲ್ಲಿಸಬೇಕು ಎನ್ನುವುದು ಡಾಕ್ಟರಮ್ಮನ ಲೆಕ್ಕ. ಸಾಲು ಕಟ್ಟುವುದು, ತಾಳ ಹಿಡಿಸುವುದು, ನಗಿಸುವುದು ಅಕ್ಕನ ಪಾಲು.

ದಿನಕ್ಕೆ ಹತ್ತು ಹನ್ನೆರಡು ಮಂದಿ ಆ ಬೆಂಚಿಗೆ ಬರುತ್ತಾರೆ. ಒಬ್ಬೊಬ್ಬರಿಗೂ ಬೇರೆ ಸಾಲು. ‘ಕಾಲು ನೋವು’, ‘ಸಾಕು ಊಟ’, ‘ಕಿಟಕಿ ತೆಗಿರಿ’, ಇವೆಲ್ಲ ಮೂರು ಮಾತ್ರೆಯವು, ಎಲ್ಲರಿಗೂ ಬೇಕಾದವು. ಮಗಳನ್ನು ಕರೆಯಲಾಗದೆ ಅಳುತ್ತಿದ್ದ ತಾಯಿಗೆ ನಾಲ್ಕು ಮಾತ್ರೆಯ ‘ಮಗಳೇ ಬಾರೇ’. ಗಂಟಲು ಒಣಗಿದರೆ ಬಿಸಿನೀರು, ಕೈ ನೊಂದರೆ ಇನ್ನೊಂದು ಕೈ. ಎಲ್ಲರಿಗೂ ಮಾತು ಬರುವುದಿಲ್ಲ. ತಿಂಗಳುಗಟ್ಟಲೆ ತಟ್ಟಿಯೂ ಒಂದಕ್ಷರ ಹೊರಡದೆ ಮನೆಗೆ ಹೋದವರಿದ್ದಾರೆ. ಅಂಥವರ ಮನೆಯವರನ್ನು ಬಾಗಿಲವರೆಗೆ ಬಿಟ್ಟು ಬಂದ ದಿನ ಅಕ್ಕ ಒರೆಸಿದ ನೆಲವನ್ನೇ ಮತ್ತೆ ಮತ್ತೆ ಒರೆಸುತ್ತಾರೆ.

ಮೊದಲು ಮಾತು ಬಂದ ಅಜ್ಜಿಗೆ ಆಮೇಲೆ ಹೆಸರುಪದಗಳದ್ದೇ ಕಷ್ಟವಾಯಿತು. ವಸ್ತು ಕಣ್ಣೆದುರಿಗಿರುತ್ತದೆ, ಹೆಸರು ಬಾಯಿಗೆ ಬರುವುದಿಲ್ಲ. ಒಂದು ಬೆಳಗ್ಗೆ “ನನ್ನ ಮೂಗಿನ ಸೈಕಲ್ಲು ಎಲ್ಲಿ? ಮೂಗಿನ ಸೈಕಲ್ಲು!” ಎಂದು ರಂಪ ಎಬ್ಬಿಸಿದರು. ವಾರ್ಡಿಗೆ ವಾರ್ಡೇ ಹುಡುಕಿತು, ಏನನ್ನು ಹುಡುಕುತ್ತಿದ್ದೇವೆಂದು ತಿಳಿಯದೆ. ಕೊನೆಗೆ ದಿಂಬಿನ ಕೆಳಗೆ ಸಿಕ್ಕಿದ್ದು ಕನ್ನಡಕ. ಅಜ್ಜಿಗೆ ತಪ್ಪಿದ್ದಕ್ಕೆ ನಾಚಿಕೆ. ಅಕ್ಕನಿಗೆ ಹಬ್ಬ. “ತಪ್ಪಲ್ಲ ಅಜ್ಜಿ, ಅದು ರೂಪಕ! ನನ್ನ ಟ್ಯುಟೋರಿಯಲ್ ಹುಡುಗರಿಗೆ ತಲೆ ಕೆಳಗೆ ಮಾಡಿದ್ರೂ ಇಂಥದ್ದೊಂದು ಬರೆಯೋಕೆ ಬರಲಿಲ್ಲ.” ಅಂದಿನಿಂದ ಆ ವಾರ್ಡಿನಲ್ಲಿ ಹೆಸರು ಮರೆತವರಿಗೆ ಅಂಜಿಕೆಯಿಲ್ಲ. ‘ಹಾಗೆ’ ಎಂದು ಹೇಳಿ ಉಪಮೆ ಕೊಟ್ಟರೂ ನಡೆಯುತ್ತದೆ, ‘ಹಾಗೆ’ ಬಿಟ್ಟು ರೂಪಕ ಮಾಡಿದರೂ ನಡೆಯುತ್ತದೆ.

ಆದರೆ ಅಕ್ಕನ ಕಸುಬನ್ನು ನಿಜವಾಗಿ ಒರೆಗೆ ಹಚ್ಚಿದವರು ಹರಾಜಿನ ಯಜಮಾನರು.

ತರಕಾರಿ ಮಂಡಿಯಲ್ಲಿ ಮೂಟೆಗಳ ಮೇಲೆ ನಿಂತು ಬೆಳಗಿನ ಹರಾಜು ಕೂಗುತ್ತಿದ್ದ ಮನುಷ್ಯ ಅವರು. ದನಿಯೇ ಅವರ ಅನ್ನ. ಲಕ್ವ ಹೊಡೆದ ಮೇಲೆ ಆ ದನಿಯಲ್ಲಿ ಉಳಿದದ್ದು ಒಂದೇ ಒಂದು ಪದ, “ಥತ್ತೇರಿ!” ಹಸಿವಾದರೆ ಥತ್ತೇರಿ, ನೋವಾದರೆ ಥತ್ತೇರಿ, ಡಾಕ್ಟರಮ್ಮ ನಮಸ್ಕಾರ ಎಂದರೆ ಥತ್ತೇರಿ. ತಾನು ಹೇಳಹೊರಟದ್ದು ಅದಲ್ಲ ಎಂದು ಅವರಿಗೇ ಗೊತ್ತು. ಅದಕ್ಕೇ ಇನ್ನಷ್ಟು ಸಿಟ್ಟು, ಸಿಟ್ಟಿಗೆ ಮತ್ತೊಂದು ಥತ್ತೇರಿ. ಬೆಂಚಿಗೆ ಕರೆತಂದು ‘ನೀರು ಬೇಕು’ ತಟ್ಟಿಸಹೋದರೆ ಕೈ ಕಿತ್ತುಕೊಂಡರು. ಕೊನೆಗೆ ಊಟ ಬಿಟ್ಟು ಗೋಡೆಗೆ ಮುಖ ಮಾಡಿ ಮಲಗಿದರು.

ಅವರ ಹೆಂಡತಿ ಪಕ್ಕದ ಸ್ಟೂಲಿನ ಮೇಲೆ ಸೊರಗಿ ಕೂತಿದ್ದರು. “ಮನೇಲಿ ಇವರು ಹೆಸರು ಹಿಡಿದು ಕರೆದೋರಲ್ಲ ಅಕ್ಕಾ. ಮಂಡಿಯಿಂದ ಬಂದು ಚಪ್ಪಲಿ ಬಿಡ್ತಾ ‘ಎಲ್ಲಿದ್ದಿ?’ ಅಂತ ಒಂದು ಕೂಗು. ಅಷ್ಟೇ ನಮ್ಮ ಮಾತುಕತೆ. ಈಗ ಅದೂ ಹೋಯ್ತು.”

ಪಕ್ಕದ ಹಾಸಿಗೆಯವರು ದೂರು ಕೊಟ್ಟರು. ಮಕ್ಕಳುಮರಿ ಬರುವ ವಾರ್ಡಿನಲ್ಲಿ ಹೀಗೆ ಬೈಗುಳ ಕೇಳಿಸಿಕೊಳ್ಳಬೇಕೆ ಎಂದು. ವಾರ್ಡಿನ ಮೇಲ್ವಿಚಾರಕರು ಅಕ್ಕನನ್ನು ಕರೆಸಿದರು. ಅವರು ಕೆಟ್ಟವರೇನಲ್ಲ, ಶಿಸ್ತಿನ ಮನುಷ್ಯ. ಬಗಲಲ್ಲಿ ಸದಾ ಒಂದು ಹೊಳೆಯುವ ಟೀ ಫ್ಲಾಸ್ಕು. “ನೋಡಮ್ಮ, ನೀನು ಆಯಾ. ಈ ತಾಳ ಗೀಳ ನಿನ್ನ ಕೆಲಸದಲ್ಲಿ ಇಲ್ಲ. ವಾರದೊಳಗೆ ಆ ಯಜಮಾನರ ಬಾಯಿ ಸರಿಹೋಗದಿದ್ರೆ ಅವರನ್ನ ಮನೆಗೆ ಕಳಿಸ್ತೀವಿ, ನಿನ್ನನ್ನ ಕೆಳಗಡೆ ಬಟ್ಟೆ ಒಗೆಯೋ ಕಡೆಗೆ ಹಾಕ್ತೀವಿ.”

ಆ ರಾತ್ರಿ ಮನೆಯಲ್ಲಿ ಅಕ್ಕ ಊಟಕ್ಕೆ ಕೂತು, ತಟ್ಟೆಯ ಅಂಚಿಗೆ ಬೆರಳು ತಟ್ಟುತ್ತಾ “ಥತ್-ತೇ-ರಿ, ಥತ್-ತೇ-ರಿ” ಎನ್ನುತ್ತಿದ್ದರು. ದರ್ಜಿ ಗಂಡ ತುತ್ತು ಕೆಳಗಿಟ್ಟು, “ಅಡುಗೆ ನಾನೇ ಮಾಡಿದ್ದು. ಅಷ್ಟೊಂದು ಕೆಟ್ಟಿದೆಯಾ?” ಎಂದು ಕೇಳಿದರು. ಅಕ್ಕನಿಗೆ ನಗು ತಡೆಯಲಾಗಲಿಲ್ಲ. ನಗುತ್ತಿರುವಾಗಲೇ ಕಿವಿಗೆ ತಾಗಿತು. ಗುರು, ಗುರು, ಲಘು. ಐದು ಮಾತ್ರೆ. ಯಜಮಾನರ ಬಾಯಲ್ಲಿ ಉಳಿದದ್ದು ಬೈಗುಳವೇ ಆದರೂ ಅಚ್ಚುಕಟ್ಟಾದ ಒಂದು ಗಣ. ಅದರೊಳಗೆ ಒಂದು ಮಾತ್ರೆಯೂ ಹೆಚ್ಚುಕಡಿಮೆಯಿಲ್ಲ. ಇಷ್ಟು ದಿನ ಅವರಿಗೆ ಮೂರು ಮಾತ್ರೆಯ ದಾರಿ ತೋರಿಸಿದ್ದೇ ತಪ್ಪು. ಅವರು ಐದರ ಮನುಷ್ಯ.

ಬೆಳಿಗ್ಗೆ ಅಕ್ಕ ಬಂದವರೇ ಯಜಮಾನರ ಹೆಂಡತಿಯ ಕೈ ಹಿಡಿದು, “ಮಂಡೀಲಿ ಇವರು ಹೇಗೆ ಕೂಗ್ತಿದ್ರು ತಾಯಿ? ನಾಚ್ಕೋಬೇಡಿ, ಕೂಗಿ ತೋರಿಸಿ,” ಎಂದರು. ಆಕೆ ಸೆರಗನ್ನು ಬಾಯಿಗೆ ಅಡ್ಡ ಹಿಡಿದು ಮೆಲ್ಲಗೆ ಹೇಳಿದರು. “ಒಂದ್ಸಾರಿ… ರಡ್ಸಾರಿ… ಮೂರ್ಸಾರಿ.”

ಅಕ್ಕ ಬೆರಳು ಮಡಚಿ ಎಣಿಸಿದರು. ಒಂದ್ಸಾರಿ, ಗುರು ಗುರು ಲಘು. ಮೂರ್ಸಾರಿಯೂ ಅದೇ. ನಡುವಿನ ‘ಎರಡ್ಸಾರಿ’ಯಲ್ಲಿ ಒಂದು ಮಾತ್ರೆ ಹೆಚ್ಚಾಗಬೇಕಿತ್ತು. ಮಂಡಿಯ ನಾಲಗೆ ಮುಂದಿನ ‘ಎ’ಯನ್ನು ನುಂಗಿ ಅದನ್ನೂ ಐದಕ್ಕೆ ಕೂರಿಸಿತ್ತು. “ಯಾರೂ ಹೇಳಿಕೊಟ್ಟಿಲ್ಲ ನೋಡಿ. ಬೆಳಗ್ಗೆ ಬೆಳಗ್ಗೆ ಸಾವಿರಾರು ಜನ ಕೂಗಿ ಕೂಗಿ ಅದೇ ಸರಿಹೋಗಿದೆ. ನನಗೆ ಮೈ ಜುಂ ಅಂತು,” ಎನ್ನುವಾಗ ಆಕೆಯ ಕಣ್ಣು ಈಗಲೂ ಅಗಲವಾಗುತ್ತದೆ.

ಡಾಕ್ಟರಮ್ಮ ಇದನ್ನು ಕೇಳಿದ ಕೂಡಲೇ ಮೇಜು ಖಾಲಿ ಮಾಡಿಸಿದರು. ಯಜಮಾನರನ್ನು ಗಾಲಿಕುರ್ಚಿಯಲ್ಲಿ ಕೂರಿಸಿ ಮೇಜಿನ ತಲೆಗೆ ತಂದು ನಿಲ್ಲಿಸಿದರು. ನಡೆಯಲು ಬರುವ ರೋಗಿಗಳೆಲ್ಲ ಸುತ್ತ ನೆರೆದರು. ಅಕ್ಕ ಒಂದು ದಿಂಬು ತಂದು ಮೇಜಿನ ಮೇಲಿಟ್ಟು, “ಯಜಮಾನ್ರೇ, ಮಾಲು ಬಂದಿದೆ. ಗಿರಾಕಿ ಕಾಯ್ತಾ ಇದಾರೆ,” ಎಂದರು. ಯಜಮಾನರು ದಿಂಬನ್ನು ನೋಡಿದರು, ಅಕ್ಕನನ್ನು ನೋಡಿದರು. “ಥತ್ತೇರಿ!” ಎಂದರು.

“ಸರಿಯಾಗಿ ಹೇಳಿದ್ರಿ. ದಿಂಬು ಹಳೇದು, ಯಾರೂ ಕೊಳ್ಳಲ್ಲ,” ಎಂದು ಅಕ್ಕ ಅದನ್ನು ಎಸೆದು ನೀರಿನ ಹೂಜಿ ಇಟ್ಟರು. ಮೂಗಿನ ಸೈಕಲ್ಲಿನ ಅಜ್ಜಿ ಕೈ ಎತ್ತಿದರು. ಇನ್ನೊಬ್ಬರು ಎರಡು ಕೈ ಎತ್ತಿದರು. ಅಕ್ಕ ಯಜಮಾನರ ಎಡಗೈಯನ್ನು ಹಿಡಿದು ಮೇಜಿಗೆ ತಟ್ಟಿಸುತ್ತಲೇ ಇದ್ದರು. ಅದೇ ಐದರ ತಾಳ, ಎರಡು ಉದ್ದ, ಒಂದು ಗಿಡ್ಡ. ಅವರು ಈ ಸಲ ಕೈ ಕಿತ್ತುಕೊಳ್ಳಲಿಲ್ಲ.

ಗಲಾಟೆ ಕೇಳಿ ಮೇಲ್ವಿಚಾರಕರು ದಡಬಡನೆ ಒಳಗೆ ಬಂದರು. “ಇದು ಆಸ್ಪತ್ರೆಯೋ ಸಂತೆಯೋ?”

ಅಕ್ಕನಿಗೆ ಆ ಗಳಿಗೆಯಲ್ಲಿ ಏನಾಯಿತೋ. ಹೇಗೂ ಬಟ್ಟೆ ಒಗೆಯಲು ಹೋಗುವುದೇ ಎಂದುಕೊಂಡರೋ ಏನೋ, ಮೇಲ್ವಿಚಾರಕರ ಬಗಲಿನ ಫ್ಲಾಸ್ಕನ್ನು ಸೆಳೆದು ಮೇಜಿನ ಮೇಲೆ ಟಣ್ಣನೆ ಇಟ್ಟರು. ಯಜಮಾನರ ಕಣ್ಣು ಫ್ಲಾಸ್ಕಿಗೆ ಹೋಯಿತು. ಅದರ ಒಡೆಯನ ಕೆಂಪಾದ ಮುಖಕ್ಕೆ ಹೋಯಿತು. ಅವರ ಬೆನ್ನು ನೆಟ್ಟಗಾಯಿತು. ಅಕ್ಕ ತಟ್ಟುವುದನ್ನು ಬಿಟ್ಟರು. ಎಡಗೈ ತಾನಾಗಿಯೇ ಮೇಲೆದ್ದು ಮೇಜಿಗೆ ಬಡಿಯಿತು.

“ಒಂದ್ಸಾರಿ!”

ಮೂಗಿನ ಸೈಕಲ್ಲಿನ ಅಜ್ಜಿಯ ಕೈ ಫ್ಲಾಸ್ಕಿಗಾಗಿ ಮತ್ತೆ ಮೇಲೆದ್ದಿತು.

“ರಡ್ಸಾರಿ!”

ಅವರ ಹೆಂಡತಿ ಎರಡೂ ಕೈಯಲ್ಲಿ ಬಾಯಿ ಮುಚ್ಚಿಕೊಂಡಿದ್ದರು. ಯಜಮಾನರು ಮೇಲ್ವಿಚಾರಕರನ್ನು ಅಡಿಯಿಂದ ಮುಡಿಯವರೆಗೆ ನೋಡಿ, ಹಳೆಯ ಮಂಡಿಯ ಗತ್ತಿನಲ್ಲಿ ಕತ್ತು ಓರೆ ಮಾಡಿ, ಕೊನೆಯ ಅಕ್ಷರವನ್ನು ಕಿಟಕಿಯಾಚೆಗೂ ಕೇಳುವಂತೆ ಎಳೆದರು. “ಮೂರ್ಸಾರೀ…!”

“ಕೊನೇ ಲಘುವನ್ನ ಎಳೆದು ಗುರು ಮಾಡ್ಕೊಂಡ್ರು. ಸಾಲಿನ ತುದೀಲಿ ಅದಕ್ಕೆ ಒಪ್ಪಿಗೆ ಇದೆ,” ಎನ್ನುತ್ತಾರೆ ಅಕ್ಕ, ಉತ್ತರ ಪತ್ರಿಕೆ ತಿದ್ದುವ ಗಾಂಭೀರ್ಯದಲ್ಲಿ.

ಫ್ಲಾಸ್ಕು ಅಜ್ಜಿಯ ಪಾಲಾಯಿತು. ಮೇಲ್ವಿಚಾರಕರು ತಾವೇ ಹೋಗಿ ಅಜ್ಜಿಯ ಮುಂದೆ ಕೈ ಚಾಚಿ, “ಟೀ ಆದ್ರೂ ಒಂದು ಲೋಟ ಕೊಡಿ ತಾಯಿ,” ಎಂದರು. ಆ ನಗು ಕೆಳಗಿನ ಮಹಡಿಗೂ ಕೇಳಿಸಿತಂತೆ. ಬಟ್ಟೆ ಒಗೆಯುವ ಮಾತನ್ನು ಮತ್ತೆ ಯಾರೂ ಎತ್ತಲಿಲ್ಲ. ಹಲಗೆ ಬೆಂಚಿನ ಕಾಲು ಅಲ್ಲಾಡುತ್ತಿದ್ದದ್ದನ್ನು ಮೇಲ್ವಿಚಾರಕರೇ ಬಡಗಿಯನ್ನು ಕರೆಸಿ ಸರಿ ಮಾಡಿಸಿದರು.

ಹರಾಜಿನ ಕೂಗು ಬಂದ ಮಾತ್ರಕ್ಕೆ ಮಾತು ಬಂದ ಹಾಗಲ್ಲ ಎಂದು ಡಾಕ್ಟರಮ್ಮ ಮೊದಲೇ ಎಚ್ಚರಿಸಿದ್ದರು. ಅದು ನಾಲಗೆಗೆ ರೂಢಿಯಾದದ್ದು, ತಾನಾಗಿ ಹೊರಟದ್ದು. ಬೇಕಾದ ಮಾತು ಬೇಕಾದಾಗ ಬರಬೇಕು. ಅಕ್ಕ ಅದೇ ಅಚ್ಚಿಗೆ ಹೊಸ ಪದ ಸುರಿಯತೊಡಗಿದರು. ‘ಬೇಕಿಲ್ಲ’, ‘ಕೂತ್ಕೊಳ್ಳಿ’, ‘ನೀರು ಕೊಡು’, ಎಲ್ಲವೂ ಐದೈದು. ಮೊದಲು ಒಂದ್ಸಾರಿ, ಅದರ ಬೆನ್ನಿಗೇ ಹೊಸ ಪದ. ಕೆಲವು ದಿನ ಬಂತು, ಕೆಲವು ದಿನ ಥತ್ತೇರಿಗೇ ಜಾರಿತು. ಯಜಮಾನರು ಊಟ ಮಾಡತೊಡಗಿದರು, ಬೆಂಚಿಗೆ ಎಲ್ಲರಿಗಿಂತ ಮೊದಲು ಬರತೊಡಗಿದರು.

ಒಂದು ಮಧ್ಯಾಹ್ನ ಅವರ ಹೆಂಡತಿ ವಾರ್ಡಿನ ಆಚೆ ನಲ್ಲಿಯ ಹತ್ತಿರ ಲೋಟ ತೊಳೆಯುತ್ತಿದ್ದರು. ಅಕ್ಕ ಪಕ್ಕದಲ್ಲೇ ಬಕೆಟ್ ತುಂಬಿಸುತ್ತಿದ್ದರು. ಒಳಗಿನಿಂದ, ನಿದ್ದೆಯಿಂದ ಎದ್ದ ದನಿಯೊಂದು ಕೂಗಿತು. “ಎಲ್ಲಿದ್ದಿ?”

“ಇಲ್ಲೇ ಇದೀನಿ, ಬಂದೆ,” ಎಂದು ಆಕೆ ತಿರುಗಿಯೂ ನೋಡದೆ ಉತ್ತರ ಕೊಟ್ಟರು. ಲೋಟ ತೊಳೆದು, ಜಾಡಿಸಿ, ಬಾಗಿಲ ಕಡೆ ನಾಲ್ಕು ಹೆಜ್ಜೆ ಇಟ್ಟರು. ಆಮೇಲೆ ನಿಂತುಬಿಟ್ಟರು. ಅಕ್ಕನ ಮುಖ ನೋಡಿದರು. ಅಕ್ಕನ ಬಕೆಟ್ ತುಂಬಿ ನೀರು ಕಾಲ ಮೇಲೆ ಹರಿಯುತ್ತಿತ್ತು.

“ಹೋಗಿ ತಾಯಿ, ಕರೀತಾ ಇದಾರೆ,” ಎಂದರು ಅಕ್ಕ.

ಆ ಪದವನ್ನು ಅಕ್ಕ ಬೆಂಚಿನ ಮೇಲೆ ಒಂದು ದಿನವೂ ಹೇಳಿಸಿರಲಿಲ್ಲ. ಬೇಕೆಂದೇ ಬಿಟ್ಟಿದ್ದರು. “ಅದು ಅವರ ಮನೆ ಮಾತು. ನಾನು ತಟ್ಟಿ ಹೇಳಿಸಿದ್ರೆ ಪಾಠ ಆಗಿಬಿಡುತ್ತೆ. ಅಳತೆ ಅದೂ ಐದೇ ಇತ್ತಲ್ಲ, ಬಂದ್ರೆ ತಾನಾಗೇ ಬರ್ಲಿ ಅಂತ ಕಾದೆ.”

ಯಜಮಾನರು ಈಗ ಮಂಡಿಗೆ ಹೋಗುತ್ತಾರೆ. ಮೂಟೆ ಹತ್ತಲಾಗುವುದಿಲ್ಲ, ಕುರ್ಚಿ ಹಾಕಿಕೊಂಡು ಕೂರುತ್ತಾರೆ. ಬೆಲೆ ಕೂಗುವ ಕೆಲಸ ಅವರ ಅಳಿಯನದು. ಎರಡು ಸಲ ಕೂಗಿ ಅವನು ಸುಮ್ಮನಾಗುತ್ತಾನೆ, ಮೂರನೆಯದನ್ನು ಮಾವನಿಗೆ ಬಿಡುತ್ತಾನೆ. ಇಡೀ ಮಂಡಿ ಅದಕ್ಕಾಗಿ ಕಾಯುತ್ತದೆ.

ಅಕ್ಕನ ಸಂಬಳ ಆಯಾಳದ್ದೇ. ಹುದ್ದೆಯ ಹೆಸರು ಬದಲಿಸಲು ಡಾಕ್ಟರಮ್ಮ ಅರ್ಜಿ ಹಾಕಿ ಕೂತಿದ್ದಾರೆ. ಅಕ್ಕ ಅದರ ಮೇಲೆ ಕಣ್ಣಿಟ್ಟು ಕೂತಿಲ್ಲ. ಈಗ ನೆಂಟರ ಮುಂದೆ ಆಫೀಸು ಗೀಫೀಸು ಎನ್ನುವುದೂ ಇಲ್ಲ. ಯಾರಾದರೂ ಕೇಳಿದರೆ, “ಮಾತು ಹೇಳಿಕೊಡ್ತೀನಿ, ನೆಲಾನೂ ಒರೆಸ್ತೀನಿ,” ಎನ್ನುತ್ತಾರೆ.

ಏನಾದರೂ ಆಸೆ ಇದೆಯೇ ಎಂದು ಕೇಳಿದರೆ ಮೊದಲು ಇಲ್ಲ ಎಂದು ತಲೆಯಾಡಿಸುತ್ತಾರೆ. ಆಮೇಲೆ ಕಿಟಕಿಯ ಕಡೆ ನೋಡುತ್ತಾ, ಯಾರಿಗೂ ಹೇಳಬೇಡಿ ಎನ್ನುವ ದನಿಯಲ್ಲಿ ಬಾಯಿ ಬಿಡುತ್ತಾರೆ.

“ಹೋದ ತಿಂಗಳು ಗಂಟಲು ಕಟ್ಟಿ ಒಂದಿನ ರಜಾ ಹಾಕಿದ್ದೆ. ಅವತ್ತು ಡಾಕ್ಟರಮ್ಮನೂ ಮೀಟಿಂಗಿಗೆ ಹೋಗಿದ್ರಂತೆ. ಬೆಂಚಿಗೆ ಯಾರೂ ಇಲ್ಲ ಅಂತ ಇವರೆಲ್ಲ ವಾಪಸ್ ಹೋಗಿ ಮಲಗಿರ್ತಾರೆ ಅಂದ್ಕೊಂಡಿದ್ದೆ. ಇಲ್ವಂತೆ! ತಾವೇ ಸುತ್ತ ಕೂತ್ಕೊಂಡು, ಒಬ್ಬರ ಕೈ ಇನ್ನೊಬ್ಬರು ಹಿಡ್ಕೊಂಡು, ತಟ್ಕೊಂಡು ತಟ್ಕೊಂಡು ಹೇಳಿಕೊಡ್ತಾ ಇದ್ರಂತೆ. ತಪ್ಪಿದೋರಿಗೆ ಉಳಿದೋರು ಬೈತಾ ಇದ್ರಂತೆ. ಅದನ್ನ ನಾನು ನೋಡ್ಬೇಕು. ಇನ್ನೊಂದಿನ ರಜಾ ಹಾಕಿ, ಸದ್ದಿಲ್ದೆ ಬಂದು, ಆ ಬಾಗಿಲ ಸಂದೀಲಿ ನಿಂತು ನೋಡ್ಬೇಕು.”

ಸ್ವಲ್ಪ ಯೋಚಿಸಿ ಸೇರಿಸುತ್ತಾರೆ. “ರಜಾ ಹಾಕಿ ಕೆಲಸಕ್ಕೆ ಬರೋಳು ನಾನೊಬ್ಳೇ ಇರ್ಬೇಕು ಅಲ್ವಾ?”